ಚೋಮ ತಾಲೂಕು ಕಚೇರಿಗೆ ಯಾಕೆ ಹೋಗಲಿಲ್ಲ?

ಶಿವರಾಮ ಕಾರಂತರ ‘ಚೋಮನ ದುಡಿ’ 1933ರ ಕಾದಂಬರಿ. ನಮ್ಮಲ್ಲಿ ಹೆಚ್ಚಿನವರು ಅದನ್ನು ಎರಡು ಸಲ ಎದುರಾಗಿರುತ್ತೇವೆ. ಒಮ್ಮೆ ಕಾಲೇಜಿನಲ್ಲಿ, ಪರೀಕ್ಷೆಗೆ ‘ಚೋಮನ ಪಾತ್ರ ಚಿತ್ರಣ’ ಬರೆಯುವುದಕ್ಕಾಗಿ, ಇನ್ನೊಮ್ಮೆ ಬಿ.ವಿ. ಕಾರಂತರ 1975ರ ಸಿನಿಮಾದಲ್ಲಿ, ವಾಸುದೇವ ರಾಯರ ಮುಖದಲ್ಲಿ. ಎರಡೂ ಸಲ ಅತ್ತಿರುತ್ತೇವೆ. ಒಬ್ಬ ಮನುಷ್ಯನಿಗೆ ಬೇಸಾಯ ಮಾಡುವ ಆಸೆ. ಅವನ ಬಳಿ ಎತ್ತಿದೆ, ತೋಳಿನಲ್ಲಿ ಬಲವಿದೆ, ಮನೆ ತುಂಬ ಮಕ್ಕಳಿದ್ದಾರೆ. ಭೂಮಿ ಒಂದಿಲ್ಲ. ಹುಟ್ಟಿನಿಂದ ಹೊಲೆಯನಾದ್ದರಿಂದ ಅವನು ಗೇಣಿಗೆ ಸಹ ಗದ್ದೆ ಮಾಡುವಂತಿಲ್ಲ. ಮಕ್ಕಳು ಒಬ್ಬೊಬ್ಬರಾಗಿ ಕೈಬಿಟ್ಟು ಹೋಗುತ್ತಾರೆ. ಕೊನೆಗೆ ಉಳಿಯುವುದು ದುಡಿಯ ಸದ್ದು ಮಾತ್ರ.

ನನ್ನ ತಕರಾರು ಆ ಅಳುವಿನ ಬಗ್ಗೆ. ಅತ್ತ ಮೇಲೆ ನಾವು ಪುಸ್ತಕ ಮುಚ್ಚಿಬಿಡುತ್ತೇವೆ. ಪುಸ್ತಕ ಎತ್ತುವ ಪ್ರಶ್ನೆ ತೀರಾ ಲೆಕ್ಕಾಚಾರದ್ದು: ಭೂಮಿ ಯಾರದ್ದು, ಯಾರು ಕೊಡಬಹುದಿತ್ತು, ಯಾಕೆ ಕೊಡಲಿಲ್ಲ? ತೊಂಬತ್ತು ವರ್ಷಗಳ ನಮ್ಮ ವಿಮರ್ಶೆ ಚೋಮನ ಹಂಬಲದ ಬಗ್ಗೆ, ಅವನ ದುರಂತದ ಬಗ್ಗೆ, ಕಾರಂತರ ಮಾನವೀಯತೆಯ ಬಗ್ಗೆ ಬೇಕಾದಷ್ಟು ಮಾತಾಡಿದೆ. ಈ ಲೆಕ್ಕವನ್ನು ಅಷ್ಟಾಗಿ ಕೇಳಿಲ್ಲ. ನಾನು ಸಾಹಿತ್ಯ ಓದಿದವನಲ್ಲ, ಪ್ರಾಜೆಕ್ಟ್ ಪ್ಲ್ಯಾನ್ ಮಾಡುವುದು ನನ್ನ ಕಸುಬು. ಒಂದು ಕೆಲಸ ನಿಂತಿದೆ ಎಂದರೆ ಅದು ಯಾರ ಮೇಜಿನ ಮೇಲೆ ನಿಂತಿದೆ ಎಂದು ನೋಡುವ ಅಭ್ಯಾಸ. ಆ ಅಭ್ಯಾಸದಲ್ಲೇ ಈ ಸಲ ಕಾದಂಬರಿ ಓದಿದೆ.

ಚೋಮನ ಕೋರಿಕೆ ಯಾವ ಯಾವ ಬಾಗಿಲಿಗೆ ಹೋಗುತ್ತದೆ? ಮೊದಲನೆಯದು ಒಡೆಯ ಸಂಕಪ್ಪಯ್ಯನ ಅಂಗಳ. ಕಾದಂಬರಿಯ ಅತ್ಯುತ್ತಮ ಭಾಗಗಳಲ್ಲಿ ಇದೊಂದು. ಸಂಕಪ್ಪಯ್ಯ ಕೆಟ್ಟವನಲ್ಲ. ಕೆಟ್ಟ ಜಮೀನ್ದಾರನನ್ನು ಬರೆಯುವುದು ಸುಲಭವಿತ್ತು. ಆ ಕಾಲದ ಸುಧಾರಣಾವಾದಿ ಕತೆಗಳಲ್ಲಿ ಅಂಥವರು ಸಾಲುಗಟ್ಟಿ ನಿಂತಿದ್ದಾರೆ. ಕಾರಂತರು ಸ್ವಲ್ಪ ಮೆತ್ತಗಿನ, ಸ್ವಲ್ಪ ಒಳ್ಳೆಯ, ಕೊಡಬಹುದೇನೋ ಎಂದು ಒಂದು ಕ್ಷಣ ಯೋಚಿಸಬಲ್ಲ ಮನುಷ್ಯನನ್ನು ಇಟ್ಟರು. ಅಡ್ಡ ಬರುವುದು ಅವನ ತಾಯಿ. ಹೊಲೆಯನಿಗೆ ಬೇಸಾಯಕ್ಕೆ ಭೂಮಿ ಕೊಡುವುದು ನಡೆದುಬಂದ ಕಟ್ಟಳೆಯಲ್ಲ, ಹಿರಿಯರು ಮಾಡದ್ದನ್ನು ಮಾಡಿದರೆ ಮನೆಗೆ ಒಳಿತಾಗದು ಎಂಬುದು ಅವಳ ವಾದದ ತಿರುಳು. ಮಗ ಸುಮ್ಮನಾಗುತ್ತಾನೆ. ಅಲ್ಲಿಗೆ ಮುಗಿಯಿತು.

ಇಲ್ಲಿ ಒಂದು ಹೆಜ್ಜೆ ನಿಲ್ಲಬೇಕು. ಕಾದಂಬರಿ ನಮಗೆ ಕೊಡುವ ಕಾರಣ ಕಟ್ಟಳೆ. ಆದರೆ ಆ ಸೀಮೆಯ ಬೇಸಾಯ ಗೊತ್ತಿರುವವರಿಗೆ ಕಟ್ಟಳೆಯ ಹಿಂದೆ ಇನ್ನೊಂದು ಕಾರಣ ಕಾಣುತ್ತದೆ. ತುಳುನಾಡಿನಲ್ಲಿ ಗದ್ದೆಗಳು ಬೈಲು, ಮಜಲು, ಬೆಟ್ಟು ಎಂದು ಮೂರು ಬಗೆ. ಬೆಳೆಗಳು ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು. ಮೂರೂ ಬೆಳೆ ಬರುವುದು ನೀರು ನಿಲ್ಲುವ ಬೈಲಿನಲ್ಲಿ ಮಾತ್ರ. ಏಣೆಲನ್ನು ಮಾತ್ರ ಎಲ್ಲರೂ ಮಾಡುತ್ತಾರೆ, ಬೆಟ್ಟುಗದ್ದೆಯವನೂ. ಮಳೆ ಹಿಡಿದ ಮೇಲೆ ನೇಜಿ ಕಿತ್ತು ನೆಡಲು ಸಿಗುವುದು ಕೆಲವೇ ವಾರ. ಊರಿನ ಎಲ್ಲ ಗದ್ದೆಗೂ ಅದೇ ವಾರ, ಅದೇ ಕೈಗಳು. ಚೋಮನಿಗೆ ಸ್ವಂತ ಒಂದು ತುಂಡು ಗದ್ದೆ ಇದ್ದರೆ ಆ ವಾರ ಅವನೂ ಅವನ ಮನೆಯ ಐದು ಮಂದಿಯೂ ತಮ್ಮ ಗದ್ದೆಯಲ್ಲಿರುತ್ತಾರೆ. ಧನಿಯ ಗದ್ದೆಯಲ್ಲಿ ಯಾರಿರುತ್ತಾರೆ? ಮೂಲದ ಆಳು ಎಂಬ ಪದ್ಧತಿ ನಿಂತದ್ದೇ ಇದಕ್ಕಾಗಿ. ವರ್ಷವಿಡೀ ಆಳು ಬೇಕಾಗುತ್ತಿದ್ದುದಕ್ಕಿಂತ, ಆ ಕೆಲವು ವಾರ ಅವನು ಬೇರೆಲ್ಲಿಗೂ ಹೋಗಬಾರದಿತ್ತು. ನಮ್ಮ ಆಫೀಸಿನ ಭಾಷೆಯಲ್ಲಿ ಇದನ್ನು ರಿಸೋರ್ಸ್ ಬ್ಲಾಕಿಂಗ್ ಎನ್ನುತ್ತೇವೆ, ನಗುನಗುತ್ತಲೇ ಮಾಡುತ್ತೇವೆ.

ಅಜ್ಜಿ ಹೇಳುವ ಕಟ್ಟಳೆ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಅವಳು ಅದನ್ನು ನಂಬಿಯೇ ಹೇಳುತ್ತಾಳೆ. ನಂಬಿಕೆಯೂ ನೇಜಿಯ ಲೆಕ್ಕವೂ ಒಂದೇ ದಿಕ್ಕಿಗೆ ಎಳೆಯುವಾಗ ಎರಡನ್ನೂ ತೋರಿಸಬೇಕಿತ್ತು. ಕಾರಂತರು ಒಂದನ್ನು ತೋರಿಸಿ ಒಂದನ್ನು ಬಿಟ್ಟರು. ಆದ್ದರಿಂದ ಓದುಗನಿಗೆ, ಆ ತಾಯಿಯ ಮನಸ್ಸು ಕರಗಿದ್ದರೆ ಚೋಮ ಬದುಕುತ್ತಿದ್ದ ಎಂಬ ಭಾವನೆ ಉಳಿಯುತ್ತದೆ. ಒಂದು ಮನೆಯ ಮನಸ್ಸು ಕರಗಿದ್ದರೂ ಪಕ್ಕದ ಮನೆಯವರು ಬಿಡುತ್ತಿದ್ದರೇ? ಒಬ್ಬ ಆಳಿಗೆ ಗದ್ದೆ ಸಿಕ್ಕರೆ ನಾಳೆ ತಮ್ಮ ಆಳೂ ಕೇಳುತ್ತಾನೆ ಎಂದು ಊರಿಗೆ ಊರೇ ಸಂಕಪ್ಪಯ್ಯನ ಅಂಗಳಕ್ಕೆ ಬರುತ್ತಿತ್ತು.

ಎರಡನೆಯ ಬಾಗಿಲು ಇಗರ್ಜಿಯದು. ಮಗ ಗುರುವ ಕಾಫಿ ಎಸ್ಟೇಟಿನಲ್ಲಿ ಕ್ರಿಸ್ತರ ಹುಡುಗಿಯನ್ನು ಕಟ್ಟಿಕೊಂಡು ಜಾತಿ ಬಿಡುತ್ತಾನೆ. ಮತ ಬಿಟ್ಟರೆ ಬೇಸಾಯದ ಭೂಮಿ ಸಿಗಬಹುದು ಎಂಬ ಯೋಚನೆ ಚೋಮನಿಗೂ ಬರುತ್ತದೆ. ಹೊರಟೇಬಿಡುತ್ತಾನೆ. ದಾರಿಯಲ್ಲಿ ಪಂಜುರ್ಲಿಯ ಗುಡಿ. ಕಾಲು ಮುಂದೆ ಹೋಗುವುದಿಲ್ಲ. ಈ ಭಾಗವನ್ನು ಕೆಲವರು ಚೋಮನ ಮೌಢ್ಯ ಎಂದೂ ಕೆಲವರು ಸ್ವಧರ್ಮನಿಷ್ಠೆ ಎಂದೂ ಓದಿದ್ದಾರೆ. ನನಗೆ ಎರಡೂ ಒಪ್ಪಿಗೆಯಾಗುವುದಿಲ್ಲ. ಪಂಜುರ್ಲಿ ಚೋಮನಿಗೆ ಮೇಲ್ಜಾತಿ ಕೊಟ್ಟ ದೇವರಲ್ಲ; ದೇವಸ್ಥಾನದ ಒಳಗೆ ಕಾಲಿಡಲಾಗದ ಮನುಷ್ಯನಿಗೆ ಮಾತಾಡಲು ಸಿಗುವ ದೈವ. ಭೂಮಿ ಇಲ್ಲದವನಿಗೆ ಊರಿನಲ್ಲಿ ತನ್ನದು ಎನ್ನಲು ಉಳಿದಿದ್ದ ಒಂದೇ ಒಂದು ನೆಲೆ ಆ ಗುಡಿ. ಗದ್ದೆಗಾಗಿ ಆ ನೆಲೆಯನ್ನು ಕೊಡಬೇಕು ಎಂಬ ವ್ಯಾಪಾರ ಅವನ ಮುಂದಿದೆ. ಅವನು ಹಿಂದೆ ಬರುತ್ತಾನೆ. ಕಾರಂತರು ಇಲ್ಲಿ ಏನನ್ನೂ ವಿವರಿಸಲು ಹೋಗುವುದಿಲ್ಲ. ತಮ್ಮ ಸ್ವಂತ ವೈಚಾರಿಕತೆಯನ್ನು ಬದಿಗಿಟ್ಟು ಪಾತ್ರವನ್ನು ಅದರ ದಾರಿಗೆ ಬಿಟ್ಟಿದ್ದಾರೆ. ದೊಡ್ಡ ಲೇಖಕ ಎಂದು ಅವರನ್ನು ಕರೆಯುವುದಕ್ಕೆ ಈ ಎರಡು ಮೂರು ಪುಟ ಸಾಕು.

ಮೂರನೆಯ ಬಾಗಿಲೊಂದಿತ್ತು. ಚೋಮ ಆ ಕಡೆ ತಲೆ ಹಾಕುವುದಿಲ್ಲ.

ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಈ ಕತೆಯನ್ನು ನನ್ನ ತಂಡದ ಒಬ್ಬ ಹಿರಿಯ ಸಹೋದ್ಯೋಗಿಗೆ ಹೇಳುತ್ತಿದ್ದೆ. ಅವರು ಚೆಂಗಲ್ಪಟ್ಟು ಕಡೆಯವರು, ತಮಿಳರು. ಪೂರ್ತಿ ಕೇಳಿದವರು ಕಣ್ಣೀರೇನೂ ಹಾಕಲಿಲ್ಲ. ‘ಅದು ಮದ್ರಾಸ್ ಪ್ರೆಸಿಡೆನ್ಸಿ ಅಲ್ಲವಾ? ದರ್ಖಾಸ್ತು ಹಾಕಲಿಲ್ಲವಾ?’ ಎಂದರು. ಕನ್ನಡದ ಯಾವ ಮೇಷ್ಟರೂ ನನ್ನನ್ನು ಕೇಳದ ಪ್ರಶ್ನೆ ಅದು.

ಹೌದು. 1799ರಲ್ಲಿ ಟಿಪ್ಪು ಸತ್ತ ಮೇಲೆ ಕೆನರಾ ಕಂಪನಿಯ ಕೈಗೆ ಬಂದು ಮದ್ರಾಸಿಗೆ ಸೇರಿತು. ಉತ್ತರ ಕನ್ನಡ ಮುಂದೆ ಮುಂಬಯಿಗೆ ಹೋಯಿತು. ದಕ್ಷಿಣ ಕನ್ನಡ ಮಾತ್ರ ರಾಜ್ಯ ಪುನರ್ವಿಂಗಡಣೆಯ 1956ರ ತನಕ ಮದ್ರಾಸಿನದ್ದೇ. ಭೋಗನಹಳ್ಳಿಯಂಥ ಒಂದು ಹಳ್ಳಿಯ ಭೂಮಿಯ ಕಾಗದ ಕೊನೆಗೆ ಬಂದು ಸೇರುತ್ತಿದ್ದುದು ನಾನು ಈಗ ಇರುವ ಈ ಊರಿನ ಬೋರ್ಡ್ ಆಫ್ ರೆವಿನ್ಯೂ ಕಡತಗಳಿಗೆ. ವರ್ಗದಾರನ ಪಟ್ಟೆಯಲ್ಲಿಲ್ಲದ ಬಂಜರು ನೆಲ ಸರ್ಕಾರದ್ದು. ಅದನ್ನು ಸಾಗುವಳಿಗೆ ಕೇಳಿ ಅರ್ಜಿ ಹಾಕುವುದೇ ದರ್ಖಾಸ್ತು. ಅರ್ಜಿಯ ನಿಯಮದಲ್ಲಿ ಜಾತಿಯ ಕಟ್ಟಳೆ ಇರಲಿಲ್ಲ. ಅಂದರೆ ಸಂಕಪ್ಪಯ್ಯನ ತಾಯಿಯ ಒಪ್ಪಿಗೆ ಇಲ್ಲದೆಯೂ ಚೋಮ ಬೇಸಾಯಗಾರನಾಗುವ ದಾರಿ ಕಾಗದದ ಮೇಲಾದರೂ ಇತ್ತು.

ಚೆಂಗಲ್ಪಟ್ಟಿನ ಆ ಹಿರಿಯರು ಹಾಗೆ ಕೇಳಿದ್ದಕ್ಕೆ ಕಾರಣವಿದೆ. ನಮ್ಮ ಐಟಿ ಕಾರಿಡಾರ್, ಅಂದರೆ ಶೋಳಿಂಗನಲ್ಲೂರು ದಾಟಿ ನಾವಲೂರು, ಸಿರುಸೇರಿ, ಕೇಳಂಬಾಕ್ಕಂ ತನಕ, ಹಳೆಯ ಚೆಂಗಲ್ಪಟ್ಟು ಜಿಲ್ಲೆಯ ನೆಲ. ಏರಿ, ಗದ್ದೆ, ಊರು, ಊರಾಚೆ ಚೇರಿ ಇದ್ದ ನೆಲ. 1891ರಲ್ಲಿ ಟ್ರೆಮೆನ್‌ಹೀರ್ ಎಂಬ ಕಲೆಕ್ಟರ್ ಈ ಜಿಲ್ಲೆಯ ಪರಯರ ಸ್ಥಿತಿಯ ಬಗ್ಗೆ ಒಂದು ಟಿಪ್ಪಣಿ ಬರೆದು ಸರ್ಕಾರಕ್ಕೆ ಕಳಿಸಿದ. ಅವರು ಬಡವರಾಗಿರುವುದು ಸೋಮಾರಿತನದಿಂದಲ್ಲ, ಭೂಮಿಯ ಬಾಗಿಲು ಮುಚ್ಚಿರುವುದರಿಂದ ಎಂಬುದು ಅದರ ಸಾರ. ಇಲ್ಲಿನ ಮಿರಾಸಿದಾರರಿಗೆ ಊರಿನ ಬಂಜರಿನ ಮೇಲೂ ಮೊದಲ ಹಕ್ಕಿತ್ತು. ಪರಯನೊಬ್ಬ ಬಂಜರು ಕೇಳಿ ಅರ್ಜಿ ಹಾಕಿದರೆ ಮಿರಾಸಿದಾರ ತನಗೇ ಬೇಕು ಎನ್ನಬಹುದು. ಅರ್ಜಿ ಹಾಕಿದವನ ಗುಡಿಸಲು ನಿಂತಿರುವ ಜಾಗವೂ ಮಿರಾಸಿದಾರನದ್ದೇ, ಮರುದಿನ ಅದನ್ನೂ ಬಿಡಿಸಬಹುದು. ಈ ಟಿಪ್ಪಣಿಯ ಸುತ್ತ ನಡೆದ ಚರ್ಚೆಯ ಕೊನೆಗೆ 1892ರಲ್ಲಿ ಸರ್ಕಾರ ದಲಿತರಿಗೆ ಭೂಮಿ ಮೀಸಲಿಡುವ ಆದೇಶ ಹೊರಡಿಸಿತು. ಇಲ್ಲಿ ಅದನ್ನು ಪಂಚಮಿ ನಿಲಂ ಎನ್ನುತ್ತಾರೆ. ಪ್ರೆಸಿಡೆನ್ಸಿಯಲ್ಲಿ ಸುಮಾರು 12 ಲಕ್ಷ ಎಕರೆ ಎಂದು ದಲಿತ ಚಳವಳಿ ಇವತ್ತಿಗೂ ಲೆಕ್ಕ ಹೇಳುತ್ತದೆ; ಬಹುಪಾಲು ಕೈತಪ್ಪಿದೆ. 1994ರ ಅಕ್ಟೋಬರ್ 10ರಂದು ಕಾರಣೈ ಎಂಬ ಹಳ್ಳಿಯ ಪಂಚಮಿ ಭೂಮಿಗಾಗಿ ನಡೆದ ಹೋರಾಟದಲ್ಲಿ ಪೊಲೀಸರ ಗುಂಡಿಗೆ ಜಾನ್ ಥಾಮಸ್ ಮತ್ತು ಏಳುಮಲೈ ಸತ್ತರು. ಆ ಸಹೋದ್ಯೋಗಿ ಆಗ ಹೈಸ್ಕೂಲಿನಲ್ಲಿದ್ದರಂತೆ. ರೂಪಾ ವಿಶ್ವನಾಥ್ ಅವರ 2014ರ ‘ದ ಪರಯ್ಯಾ ಪ್ರಾಬ್ಲೆಮ್’ ಪುಸ್ತಕದಲ್ಲಿ ಆ ಹಳೆಯ ಕಾಲದ ಚರಿತ್ರೆ ವಿವರವಾಗಿದೆ. ಈ ರಸ್ತೆಯಲ್ಲಿ ದಿನಾ ಒಂದೂವರೆ ಗಂಟೆ ಟ್ರಾಫಿಕ್ಕಿನಲ್ಲಿ ಕೂರುವ ಕನ್ನಡಿಗರು ಓದಬೇಕಾದ ಪುಸ್ತಕ.

ನಮ್ಮ ಜಿಲ್ಲೆಯಲ್ಲಿ ಮಿರಾಸಿ ಇರಲಿಲ್ಲ. ಅದರ ಬದಲು ಕುಮ್ಕಿ ಇತ್ತು. ವರ್ಗ ಜಮೀನಿನ ಸುತ್ತ 100 ಗಜದೊಳಗಿನ ಸರ್ಕಾರಿ ಬಂಜರಿನಲ್ಲಿ ಸೊಪ್ಪು, ಸೌದೆ, ಮೇವು ತೆಗೆಯುವ ವರ್ಗದಾರನ ಸವಲತ್ತು ಅದು. ಕಾಗದದಲ್ಲಿ ನೆಲ ಸರ್ಕಾರದ್ದು, ಸೊಪ್ಪು ಮಾತ್ರ ವರ್ಗದಾರನದ್ದು. ಗದ್ದೆಗೆ ಸೊಪ್ಪು ಹಾಕದೆ ಬೆಳೆ ಬಾರದ ಸೀಮೆಯಲ್ಲಿ ಇದಕ್ಕೆ ನ್ಯಾಯವಿರಲಿಲ್ಲ ಎನ್ನಲಾಗದು. ಆದರೆ ದಕ್ಷಿಣ ಕನ್ನಡದ ನಕ್ಷೆ ಕಣ್ಣ ಮುಂದೆ ತಂದುಕೊಳ್ಳಿ: ಗುಡ್ಡ, ಗುಡ್ಡದ ಸಂದಿಯಲ್ಲಿ ಬೈಲು, ಮತ್ತೆ ಗುಡ್ಡ. ಪ್ರತಿ ಬೈಲಿನ ಅಂಚಿನಿಂದ 100 ಗಜ ಅಳೆಯುತ್ತಾ ಹೋದರೆ ನೀರು ಸಿಗುವ, ಮಣ್ಣಿರುವ, ನಡೆದುಹೋಗಿ ಬೇಸಾಯ ಮಾಡಬಹುದಾದ ಜಾಗವೆಲ್ಲ ಯಾರದ್ದೋ ಒಬ್ಬರ ಕುಮ್ಕಿಯೊಳಗೆ ಬಿತ್ತು. ಆಚೆಗೆ ಉಳಿದದ್ದು ಮುರಕಲ್ಲಿನ ಪದವು, ಇಲ್ಲವೇ ರಿಸರ್ವ್ ಕಾಡು. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಇಲ್ಲಿ ಗಜಕಡ್ಡಿಯ ರೂಪದಲ್ಲಿತ್ತು. ಅರ್ಜಿ ಹಾಕಬೇಕಾದರೆ ಶ್ಯಾನುಭಾಗ ಬರೆಯಬೇಕು, ಪಟೇಲ ಹೌದೆನ್ನಬೇಕು. ಇಬ್ಬರೂ ಯಾರ ಮನೆಯ ಜಗಲಿಯಲ್ಲಿ ಎಲೆಯಡಿಕೆ ಹಾಕುತ್ತಿದ್ದರು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಆದ್ದರಿಂದ ಆ ತಮಿಳು ಗೆಳೆಯರ ಪ್ರಶ್ನೆಗೆ ಒಂದು ಉತ್ತರ: ಹೋಗಿದ್ದರೂ ಪ್ರಯೋಜನ ಇರಲಿಲ್ಲ. ಕಾರಂತರನ್ನು ಸಮರ್ಥಿಸಲು ಇಷ್ಟು ಸಾಕು ಎನ್ನುವವರಿದ್ದಾರೆ. ಚೋಮನ ಲೋಕದಲ್ಲಿ ಸರ್ಕಾರ ಎಂಬುದು ಕಾಣುವುದೇ ಇಲ್ಲ, ಅವನಿಗೆ ಗೊತ್ತಿರುವ ಸರ್ಕಾರ ಸಂಕಪ್ಪಯ್ಯನೇ. ಕಾದಂಬರಿ ಅವನ ಕಣ್ಣಿನ ಅಳತೆಯಲ್ಲಿ ಲೋಕವನ್ನು ತೋರಿಸಿದೆ, ಅದರಲ್ಲಿ ತಪ್ಪೇನು? ಈ ವಾದಕ್ಕೆ ತೂಕವಿದೆ. ಗುಡಿಸಲಿನಿಂದ ತಾಲೂಕು ಕಚೇರಿಗೆ ಇರುವ ದೂರವನ್ನು ಮೈಲಿಯಲ್ಲಿ ಅಳೆಯಲಾಗದು.

ಆದರೂ ನನಗೆ ಪೂರ್ತಿ ಸಮಾಧಾನವಿಲ್ಲ. ಯಾಕೆಂದರೆ ಕಾದಂಬರಿ ಚೋಮನ ಕಣ್ಣಿನಲ್ಲೇ ಉಳಿಯುವುದಿಲ್ಲ. ಅದು ಸಂಕಪ್ಪಯ್ಯನ ಮನೆಯೊಳಗೆ ಹೋಗುತ್ತದೆ, ತಾಯಿ ಮಗನ ಮಾತು ಕೇಳಿಸುತ್ತದೆ, ಎಸ್ಟೇಟಿನ ವ್ಯವಹಾರ ತೋರಿಸುತ್ತದೆ. ಚೋಮನಿಗೆ ಕಾಣದ್ದು ನಿರೂಪಕನಿಗೆ ಕಾಣುತ್ತದೆ. ಎಲ್ಲ ಮನೆಯೊಳಗೂ ಇಣುಕುವ ನಿರೂಪಕ ಕಚೇರಿಯ ಕಡೆ ಮಾತ್ರ ನೋಡುವುದಿಲ್ಲ. ಅದೂ ಅದೇ ಜಿಲ್ಲೆಯಲ್ಲಿ ನೋಡಿದವರು ಇರಲಿಲ್ಲವೇ ಎಂದರೆ, ಇದ್ದರು. ಕುದ್ಮುಲ್ ರಂಗರಾಯರು ಮಂಗಳೂರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದ್ದು 1897ರಲ್ಲಿ. ಶಾಲೆ ತೆರೆದರು, ಕೈಕಸುಬು ಕಲಿಸಿದರು, ಮನೆ ಕಟ್ಟಿಕೊಳ್ಳಲು ನೆಲ ಕೊಡಿಸಿದರು. ಅವರು ತೀರಿಕೊಂಡದ್ದು 1928ರಲ್ಲಿ, ‘ಚೋಮನ ದುಡಿ’ಗೆ ಐದೇ ವರ್ಷ ಮೊದಲು. ಅಂದರೆ ದಲಿತನಿಗೆ ನೆಲ ಎಂಬ ಮಾತು ಆ ಜಿಲ್ಲೆಗೆ ಹೊಸದಲ್ಲ. ಅದಕ್ಕಾಗಿ ಒಬ್ಬ ಸಾರಸ್ವತ ವಕೀಲ ಜಾತಿ ಕಳೆದುಕೊಂಡು ಮೂರು ದಶಕ ಓಡಾಡಿದ್ದ. ಹರಿಜನ ಸೇವೆಯ ಕಾಲದಲ್ಲಿ ಜಿಲ್ಲೆಯುದ್ದಕ್ಕೂ ತಿರುಗಿದ ಕಾರಂತರಿಗೆ ಇದು ತಿಳಿಯದ ಸಂಗತಿಯಲ್ಲ.

ಇನ್ನೂ ಒಂದಿದೆ. ದಕ್ಷಿಣ ಕನ್ನಡ, ಉಡುಪಿಯವರಿಗೆ ‘ಡಿ.ಸಿ. ಮನ್ನಾ’ ಎಂಬ ಮಾತು ಗೊತ್ತಿರುತ್ತದೆ. ದಲಿತ ಸಂಘಟನೆಗಳ ಸಭೆಯಲ್ಲಿ, ಜಿಲ್ಲಾಧಿಕಾರಿ ಕಚೇರಿಯ ಮುಂದಿನ ಧರಣಿಯಲ್ಲಿ ಪದೇ ಪದೇ ಕೇಳುವ ಮಾತು: ಡಿ.ಸಿ. ಮನ್ನಾ ಜಾಗ ಒತ್ತುವರಿ ತೆರವು ಮಾಡಿ, ನಮಗೆ ಹಂಚಿ. ಡಿ.ಸಿ. ಎಂದರೆ ಡೆಪ್ಯುಟಿ ಕಮಿಷನರ್ ಎಂದುಕೊಂಡವರನ್ನು ನಾನು ಬಹಳ ಕಂಡಿದ್ದೇನೆ. ಅಲ್ಲ, ಅದು ಡಿಪ್ರೆಸ್ಡ್ ಕ್ಲಾಸ್. ಬ್ರಿಟಿಷರ ಕಾಲದಲ್ಲಿ ದಲಿತರಿಗೆಂದು ತೆಗೆದಿಟ್ಟ ಭೂಮಿ. ಚೆಂಗಲ್ಪಟ್ಟಿನ ಪಂಚಮಿ ನಿಲಕ್ಕೆ ನಮ್ಮ ಜಿಲ್ಲೆಯಲ್ಲಿರುವ ದಾಯಾದಿ. ಚೋಮನಂಥವರಿಗೆಂದೇ ಒಂದಷ್ಟು ನೆಲದ ಸರ್ವೆ ನಂಬರು ಸರ್ಕಾರದ ಪುಸ್ತಕದಲ್ಲಿದೆ. ಅದರ ಮೇಲೆ ಬೇರೆಯವರ ರಬ್ಬರು, ಅಡಿಕೆ ಇದೆ. ಕನ್ನಡದ ಅತಿ ಪ್ರಸಿದ್ಧ ದಲಿತಪರ ಕಾದಂಬರಿ ಓದಿದ ನಮಗೆ ಆ ಎರಡಕ್ಷರದ ಅರ್ಥ ಗೊತ್ತಿಲ್ಲದಿದ್ದರೆ, ಆ ಕಾದಂಬರಿಯನ್ನು ನಾವು ಓದಿದ ಬಗೆಯಲ್ಲೇ ಏನೋ ಕೊರತೆಯಿದೆ.

ಭೋಗನಹಳ್ಳಿಯನ್ನು ಒಂದು ಊರಾಗಿ ನೋಡಿದರೂ ಇದೇ ಬಗೆಯ ಖಾಲಿ ಜಾಗ ಕಾಣುತ್ತದೆ. ಕಾಡು ಇದೆ, ಕತ್ತಲೆ ಇದೆ, ಗಡಂಗು ಇದೆ, ಘಟ್ಟದ ಎಸ್ಟೇಟಿನ ಜ್ವರ ಇದೆ. ಕಾರಂತರ ಕಣ್ಣಿಗೆ ಬಿದ್ದ ನೆಲ, ಮಳೆ, ಗಿಡಮರಗಳಲ್ಲಿ ಒಂದಿಷ್ಟೂ ಸುಳ್ಳಿಲ್ಲ. ಆದರೆ ಚೋಮನ ಜಾತಿಯ ಉಳಿದವರು ಎಲ್ಲಿ? ಅವರು ಹಿನ್ನೆಲೆಯಲ್ಲಿದ್ದಾರೆ, ಕುಡಿಯಲು ಕುಣಿಯಲು ಸೇರುತ್ತಾರೆ. ಚೋಮನ ಆಸೆಯ ಬಗ್ಗೆ ಅವರಿಗೆ ಏನನ್ನಿಸುತ್ತದೆ? ಇನ್ನೊಬ್ಬ ಚೋಮನಿಗೆ ಆ ಆಸೆ ಬಂದೇ ಇರಲಿಲ್ಲವೇ? ಭೂಮಿಯ ಆಸೆ ಒಬ್ಬನದೇ ವಿಶೇಷ ಗುಣವಾದಾಗ ಅದು ಕವಿತ್ವವಾಗುತ್ತದೆ. ಕೇರಿಯ ಆಸೆಯಾದಾಗ ಬೇಡಿಕೆಯಾಗುತ್ತದೆ. ಕಾರಂತರು ಮೊದಲನೆಯದನ್ನು ಆರಿಸಿಕೊಂಡರು.

ದೇವನೂರ ಮಹಾದೇವ ಅವರ ‘ಒಡಲಾಳ’ ಇಟ್ಟುಕೊಂಡು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಸಾಕವ್ವನ ಮನೆಯಲ್ಲಿ ರಾತ್ರಿಯೆಲ್ಲ ಕದ್ದ ಕಡಲೆಕಾಯಿ ತಿನ್ನುವವರು ಒಬ್ಬಿಬ್ಬರಲ್ಲ. ಬೆಳಗ್ಗೆ ಪೊಲೀಸರು ಬರುವ ತನಕ ಆ ಮನೆಯಲ್ಲಿ ಜಗಳ, ನಗು, ಚಿತ್ರ, ಕತೆ ಎಲ್ಲ ಇದೆ. ಕಳೆದುಹೋದ ಹುಂಜ ಹುಡುಕುವ ಮುದುಕಿಯಲ್ಲಿ ನಮ್ಮ ಕನಿಕರಕ್ಕೆ ಕಾಯುವ ಗುಣವೇ ಇಲ್ಲ. ತಮಿಳಿನಲ್ಲಿ ಪೆರುಮಾಳ್ ಮುರುಗನ್ ಅವರ ‘ಕೂಳಮಾದಾರಿ’ ಹಾಗೆಯೇ. ಗೌಂಡರ ಮನೆಗೆ ಜೀತಕ್ಕಿರುವ ಹುಡುಗರು ಹೊಲದಲ್ಲಿ ಆಡು ಕಾಯುತ್ತ ತಮ್ಮದೇ ಒಂದು ಲೋಕ ಕಟ್ಟಿಕೊಂಡಿರುತ್ತಾರೆ. ಇದನ್ನು ಒಂದು ಪೀಳಿಗೆ ಹಿಂದಿನ ಲೇಖಕನಿಂದ ನಿರೀಕ್ಷಿಸುವುದು ನ್ಯಾಯವೇ ಎಂದು ಕೇಳಬಹುದು. ನಿರೀಕ್ಷೆಯ ಮಾತಲ್ಲ. ಹೊರಗಿನಿಂದ ಪ್ರೀತಿಯಿಂದ ನೋಡಿದಾಗ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂಬ ಅಂದಾಜು ಅಷ್ಟೆ. ಭಾಷೆಯ ವಿಷಯವೂ ಇದಕ್ಕೆ ಸೇರುತ್ತದೆ. ಚೋಮ ಮನೆಯಲ್ಲಿ ಆಡುತ್ತಿದ್ದುದು ತುಳು. ಕಾದಂಬರಿಯಲ್ಲಿ ಕನ್ನಡ ಆಡುತ್ತಾನೆ. ಬೇರೆ ದಾರಿಯಿರಲಿಲ್ಲ, ಒಪ್ಪಿದೆ. ಆದರೂ ತುಳು ಗೊತ್ತಿರುವ ನನ್ನಂಥವನಿಗೆ ಓದುವಾಗ ಚೋಮನ ಮಾತು ಯಾವಾಗಲೂ ಯಾರೋ ದುಭಾಷಿ ನಿಂತು ಹೇಳಿದಂತೆ ಕೇಳುತ್ತದೆ.

ಈಗ ಸಿನಿಮಾದ ಕಡೆ ಬರೋಣ. ಬಿ.ವಿ. ಕಾರಂತರ ‘ಚೋಮನ ದುಡಿ’ಗೆ ಸ್ವರ್ಣಕಮಲ ಬಂತು, ವಾಸುದೇವ ರಾಯರಿಗೆ ರಾಷ್ಟ್ರಪ್ರಶಸ್ತಿ ಬಂತು. ಎರಡಕ್ಕೂ ಅರ್ಹ. ಅದು ಬಂದ ವರ್ಷ ಮುಖ್ಯ. ದೇವರಾಜ ಅರಸರ ಕಾಲದ ಭೂ ಸುಧಾರಣೆ ತಿದ್ದುಪಡಿ ಜಾರಿಯಾದದ್ದು 1974ರ ಮಾರ್ಚ್ 1ರಂದು. ನಮ್ಮ ಜಿಲ್ಲೆಯಲ್ಲಿ ಜನ ಫಾರಂ ನಂಬರ್ 7 ಹಿಡಿದು ಟ್ರಿಬ್ಯೂನಲ್ ಮುಂದೆ ಸಾಲು ನಿಂತಿದ್ದ ಕಾಲ. ಟಾಕೀಸಿನಲ್ಲಿ ಕುಳಿತು ಚೋಮನನ್ನು ನೋಡಿದವರಲ್ಲಿ ಎಷ್ಟೋ ಮಂದಿ ಮನೆಗೆ ಹೋಗಿ, ಆಗ ಈ ಕಾನೂನು ಇದ್ದಿದ್ದರೆ ಚೋಮನಿಗೂ ಗದ್ದೆ ಸಿಗುತ್ತಿತ್ತು ಎಂದುಕೊಂಡಿರುತ್ತಾರೆ. ನಮ್ಮ ಮನೆಯಲ್ಲೂ ಹಾಗೇ ಹೇಳುತ್ತಿದ್ದರು.

ಸಿಗುತ್ತಿರಲಿಲ್ಲ. ಕಾನೂನು ಹೇಳಿದ್ದು ಉಳುವವನೇ ಒಡೆಯ ಎಂದು; ಉಳುವವನು ಎಂದು ಅದು ಗುರುತಿಸಿದ್ದು ಗೇಣಿದಾರನನ್ನು. ಗೇಣಿ ಚೀಟಿ ಇರಬೇಕು, ಇಲ್ಲವೇ ಗೇಣಿ ಕೊಟ್ಟದ್ದಕ್ಕೆ ಸಾಕ್ಷಿ ಇರಬೇಕು. ಚೋಮ ಗೇಣಿದಾರನಲ್ಲ, ಆಳು. ಆಳಿಗೆ ಕಾನೂನು ಕೊಟ್ಟದ್ದು ಅವನು ವಾಸವಿದ್ದ ಗುಡಿಸಲಿನ ಅಡಿಯ ಜಾಗ. ನಮ್ಮ ಅಜ್ಜ ಪುತ್ತೂರು ತಾಲೂಕಿನಲ್ಲಿ ಚಾಲಗೇಣಿಗೆ ಮಾಡುತ್ತಿದ್ದ ಗದ್ದೆ, ತೋಟ ಫಾರಂ 7ರಿಂದ ನಮ್ಮದಾಯಿತು. ಅದರಲ್ಲಿ ಬಂದ ಅಡಿಕೆಯಿಂದ ಅಪ್ಪ ಓದಿದರು, ನಾನು ಎಂ.ಟೆಕ್. ಮಾಡಿದೆ, ಮದ್ರಾಸಿಗೆ ಬಂದೆ. ಅದೇ ಗದ್ದೆಯಲ್ಲಿ ಮೂರು ತಲೆಮಾರು ನೇಜಿ ನೆಟ್ಟ ಮನೆಯವರಿಗೆ ಗುಡ್ಡದ ಬದಿಯ ಕೆಲವು ಸೆಂಟ್ಸ್ ಸಿಕ್ಕಿತು. ಅವರ ಮೊಮ್ಮಗನೂ ನಾನೂ ಒಂದೇ ಶಾಲೆಗೆ ಹೋದವರು. ಅವನೀಗ ಅಡಿಕೆ ಮರ ಏರುತ್ತಾನೆ, ಸೀಸನ್ನಿನಲ್ಲಿ ಮದ್ದು ಬಿಡುತ್ತಾನೆ, ನಮ್ಮ ತೋಟಕ್ಕೂ ಬರುತ್ತಾನೆ. ನಮ್ಮ ಅಪ್ಪನನ್ನು ಈಗಲೂ ‘ಧನಿ’ ಎಂದೇ ಕರೆಯುತ್ತಾನೆ. ಬೇಡ ಎಂದರೆ ನಗುತ್ತಾನೆ. ಸಂಕಪ್ಪಯ್ಯನ ಜಾಗ ಖಾಲಿಯಾದಾಗ ಅಲ್ಲಿ ಬಂದು ಕುಳಿತವರು ನಾವು; ಭೋಗನಹಳ್ಳಿಯ ಲೆಕ್ಕದಲ್ಲಿ ಒಂದು ಸಾಲು ಬದಲಾಯಿತು, ಕೆಳಗಿನ ಸಾಲು ಹಾಗೇ ಉಳಿಯಿತು. ಕಾದಂಬರಿ ಇವತ್ತಿಗೂ ಕುಟುಕುವುದು ಇಲ್ಲಿ, ಅದರ ಕಣ್ಣೀರಿನಲ್ಲಿ ಅಲ್ಲ.

ಇತ್ತೀಚೆಗೆ ನಮ್ಮಂಥವರಿಗೆ ಇನ್ನೊಂದು ಬಾಗಿಲು ತೆರೆದಿದೆ. 2020ರ ತಿದ್ದುಪಡಿಯಲ್ಲಿ ಕರ್ನಾಟಕ ಸರ್ಕಾರ ಭೂ ಸುಧಾರಣೆ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದುಹಾಕಿತು. ಕೃಷಿಕ ಅಲ್ಲದವನು, ಎಷ್ಟೇ ಸಂಬಳ ಇದ್ದವನು, ಈಗ ಕೃಷಿಭೂಮಿ ಕೊಳ್ಳಬಹುದು. ಚೆನ್ನೈಯ ಕನ್ನಡ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಸಕಲೇಶಪುರದ ಎರಡು ಎಕರೆ, ಕನಕಪುರದ ಫಾರ್ಮ್ ಪ್ಲಾಟು ಎಂದು ಫೋಟೋ ಬರುತ್ತಲೇ ಇರುತ್ತದೆ. ನನಗೂ ಆಸೆ ಇಲ್ಲದಿಲ್ಲ. ಮಣ್ಣಿಗೆ ಮರಳುವ ಆಸೆ ನಮ್ಮ ಪೀಳಿಗೆಯ ಬರಹದಲ್ಲಿ ಎಷ್ಟು ಸಲ ಬಂದಿದೆ ಎಂದರೆ, ಮಣ್ಣನ್ನು ಮೊದಲ ಸಲ ಮುಟ್ಟುವ ಆಸೆ ಎಂಬುದೊಂದಿತ್ತು ಎನ್ನುವುದೇ ಮರೆತುಹೋಗುತ್ತದೆ. ‘ಚೋಮನ ದುಡಿ’ ಆ ಎರಡನೆಯದರ ಕಾದಂಬರಿ. ಅದನ್ನು ಹಳ್ಳಿಯ ನೆನಪಿನ ಸಾಹಿತ್ಯದ ಕಪಾಟಿನಲ್ಲಿ ಇಡುವುದು ತಪ್ಪು.

ಬೆಳ್ಳಿಯ ಮಾತು ಕೊನೆಗೆ ಉಳಿಯಿತು. ವಿಮರ್ಶೆಯಲ್ಲಿ ಅವಳು ಯಾವಾಗಲೂ ಕೊನೆಗೇ ಉಳಿಯುತ್ತಾಳೆ. ಇಡೀ ಕಾದಂಬರಿಯಲ್ಲಿ ಚುಕ್ತಾ ಆಗುವ ಸಾಲ ಒಂದೇ, ಕಾಫಿ ಎಸ್ಟೇಟಿನದ್ದು. ಅದನ್ನು ತೀರಿಸಲು ಹೋದ ಮಗ ಚನಿಯ ಜ್ವರ ಹತ್ತಿಸಿಕೊಂಡು ಬಂದು ಸಾಯುತ್ತಾನೆ, ಗುರುವ ಅಲ್ಲೇ ಉಳಿಯುತ್ತಾನೆ. ತೀರಿಸಿದವಳು ಬೆಳ್ಳಿ, ಎಸ್ಟೇಟಿನ ರೈಟರ್ ಮನ್ವೇಲನ ಮುಂದೆ ತನ್ನ ಮೈಯಿಂದ. ನೀಲ ಹೊಳೆಯಲ್ಲಿ ಮುಳುಗುವಾಗ, ಮುಟ್ಟಿದರೆ ಮೈಲಿಗೆ ಎಂದು ಮೇಲಿನವರು ಎತ್ತುವುದಿಲ್ಲ. ಬೆಳ್ಳಿಯ ವಿಷಯದಲ್ಲಿ ಮೈಲಿಗೆಯ ಮಾತು ಯಾರಿಗೂ ನೆನಪಾಗುವುದಿಲ್ಲ. ಈ ಎರಡನ್ನೂ ಒಂದೇ ಪುಸ್ತಕದೊಳಗೆ, ಪಕ್ಕಪಕ್ಕ ಎಂದು ಬೆರಳು ತೋರಿಸದೆ ಇಟ್ಟದ್ದು ಕಾರಂತರ ಕಟು ಪ್ರಾಮಾಣಿಕತೆ. ಆದರೆ ಮುಂದೆ ಚೋಮ ಅವಳನ್ನು ಮನ್ವೇಲನ ಜೊತೆ ಕಂಡು ಹೊಡೆಯುತ್ತಾನೆ, ನೇಗಿಲು ಮುರಿದು ಬೆಂಕಿಗೆ ಹಾಕುತ್ತಾನೆ, ಎತ್ತುಗಳನ್ನು ಕಾಡಿಗೆ ಅಟ್ಟುತ್ತಾನೆ, ದುಡಿ ಹಿಡಿಯುತ್ತಾನೆ. ಕಾದಂಬರಿ ಅವನ ಜೊತೆ ಗುಡಿಸಲಿನೊಳಗೆ ಉಳಿದುಬಿಡುತ್ತದೆ. ಆ ದುಡಿಯ ಸದ್ದು ಎಷ್ಟು ಜೋರಾಗಿದೆ ಎಂದರೆ ಬೆಳ್ಳಿ ಎಲ್ಲಿದ್ದಾಳೆ ಎಂದು ಕೇಳಲು ನಮಗೆ ನೆನಪಾಗುವುದಿಲ್ಲ. ಅವಳು ಬದುಕಿದ್ದಾಳೆ. ಅವಳಿಗೆ ವಯಸ್ಸಿದೆ. ಮರುದಿನ ಕೆಲಸ ಹುಡುಕಿಕೊಂಡು ಎಲ್ಲಿಗೆ ಹೋದಳು? ಘಟ್ಟಕ್ಕೋ, ಸಂಕಪ್ಪಯ್ಯನ ಗದ್ದೆಗೋ? ಎಸ್ಟೇಟಿನ ಲೆಕ್ಕದ ಪುಸ್ತಕದಲ್ಲಿ ಆ ಸಾಲದ ಎದುರು ‘ಸಂದಾಯ’ ಎಂದು ಬರೆದು, ಸಂದಾಯ ಮಾಡಿದವರ ಹೆಸರಿನ ಕಡೆ ಮನ್ವೇಲ ಏನು ಬರೆದಿರಬಹುದು? ಚೋಮ ಎಂದೇ ಇರಬೇಕು.